ಗಡಿ ದಾಟಲು ಕಾದಿದ್ದ ಫರಸಿ

ಹೋದ ತಿಂಗಳು ಚಿತ್ತಾಪುರದಿಂದ ಶಹಾಬಾದಿಗೆ ಬರುವಾಗ ಬಸ್ಸಿನ ಚಕ್ರ ಪಂಕ್ಚರಾಯಿತು. ಎಲ್ಲರೂ ಇಳಿದು ನಿಂತೆವು. ರಸ್ತೆಯ ಪಕ್ಕದಲ್ಲೇ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಸಣ್ಣ ಕಾರ್ಖಾನೆ. ಯಂತ್ರ ಕಲ್ಲನ್ನು ಕೊಯ್ಯುತ್ತಿತ್ತು, ಅದರ ಮೇಲೆ ಪೈಪಿನಿಂದ ನೀರು ಸುರಿಯುತ್ತಿತ್ತು. ಗಾಳಿ ಈ ಕಡೆ ತಿರುಗಿದಾಗ ಆ ವಾಸನೆ ಬಂತು. ಹೊಸದಾಗಿ ಕೊಯ್ದ ಕಲ್ಲು ನೀರು ಕುಡಿದಾಗ ಬರುವ ತಣ್ಣನೆಯ ವಾಸನೆ. ಸುಣ್ಣದ್ದೂ ಅಲ್ಲ, ಮಣ್ಣಿನದ್ದೂ ಅಲ್ಲ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಜೊತೆಗಿದ್ದ ಮಗಳು, "ಯಾಕವ್ವಾ, ಬಿಸಲ ಹತ್ತಿತೇನು? ಆ ಗಿಡದ ಕೆಳಗ ಕುಂದ್ರು," ಅಂದಳು.

ಬಿಸಿಲಲ್ಲ ಅಂದೆ. ಐವತ್ತು ವರ್ಷದ ಹಿಂದೆ ಹೇಳಿದ ಒಂದು ಸುಳ್ಳು ಎಂದು ರಸ್ತೆಯಲ್ಲಿ ನಿಂತು ಅವಳಿಗೆ ಹೇಗೆ ಹೇಳುವುದು?

ಆಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿತ್ತು. ಎಪ್ಪತ್ತನೆಯ ಇಸವಿ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತಮೂರು. ಅಪ್ಪ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಗಾಡಿಗಳಿಗೆ ಹಳಿ ಬದಲಾಯಿಸುವುದು, ವ್ಯಾಗನ್ನುಗಳನ್ನು ಜೋಡಿಸುವುದು, ಬಿಡಿಸುವುದು ಅವರ ಕೆಲಸ. ನಾನು ಪಿಯುಸಿ ಮುಗಿಸಿ, ಗುಲ್ಬರ್ಗದಲ್ಲಿ ಟೈಪಿಂಗ್ ಕಲಿತು, ಶಹಾಬಾದಿನ ಒಂದು ಫರಸಿ ಡಿಪೊದಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಿಗ್ಗೆ ಪ್ಯಾಸೆಂಜರಿನಲ್ಲಿ ಹೋಗಿ ಸಂಜೆ ಮರಳುತ್ತಿದ್ದೆ. ಡಿಪೊದಲ್ಲಿ ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ. ಗಿರಾಕಿಗಳಿಗೆ ಪತ್ರ, ರೈಲ್ವೆಗೆ ವ್ಯಾಗನ್ ಬೇಡಿಕೆಯ ಅರ್ಜಿ, ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಮಾಲೀಕರಾದ ಗುರುಬಸಪ್ಪ ಸಾವ್ಕಾರರು ಕೆಟ್ಟವರೇನಲ್ಲ. ಡಿಪೊದಲ್ಲಿ ದುಡಿಯುವ ಇಪ್ಪತ್ತೈದು ಮನೆಗಳವರ ಹೆಸರು, ಮಕ್ಕಳ ಹೆಸರು, ಯಾರ ಮನೆಯಲ್ಲಿ ಯಾರಿಗೆ ಜ್ವರ ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು.

ದಸರೆ ಮುಗಿದ ವಾರ ಒಬ್ಬ ಗಿಡ್ಡನೆಯ, ಗಟ್ಟಿಮುಟ್ಟಾದ ಮನುಷ್ಯ ಡಿಪೊಕ್ಕೆ ಬಂದರು. ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು, ಮೇಲೆ ಕಪ್ಪು ಕೋಟು, ತಲೆಯ ಮೇಲೆ ಬಣ್ಣದ ಟೋಪಿ. ನೇಪಾಳದವರು, ಹೆಸರು ಧನಬಹಾದೂರ. ನಮ್ಮ ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಸಿಕಂದರಾಬಾದಿನ ಬ್ಯಾರಕ್ಕಿನಲ್ಲಿ ಆರು ವರ್ಷ ಶಹಾಬಾದ್ ಕಲ್ಲಿನ ಮೇಲೆ ಹಾಸಿಗೆ ಹಾಸಿ ಮಲಗಿದ್ದರಂತೆ. ಎಷ್ಟು ಬೂಟು ತುಳಿದರೂ ಸವೆಯದ, ಬೇಸಿಗೆಯಲ್ಲಿ ತಣ್ಣಗಿರುವ ಆ ಕಲ್ಲು ಅವರ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಅವರ ಊರು ಬೆಟ್ಟದಲ್ಲಲ್ಲ, ಬೆಟ್ಟದ ಕೆಳಗಿನ ಬಯಲಿನಲ್ಲಿ. ಅಲ್ಲಿ ಅಗೆದರೆ ಮರಳು, ಕೆಸರು; ಕಲ್ಲೆಂಬುದಿಲ್ಲ. ಊರಿನವರೆಲ್ಲ ಸೇರಿ ಹನ್ನೆರಡು ಹಾಸಿಗೆಯ ಆಸ್ಪತ್ರೆ ಕಟ್ಟಿಸುತ್ತಿದ್ದರು. ಗೋಡೆ ಎದ್ದಿತ್ತು, ಸೂರು ಹಾಕಿಯಾಗಿತ್ತು. ನೆಲಕ್ಕೆ ಈ ಕಲ್ಲೇ ಆಗಬೇಕೆಂದು ಹಟ ಹಿಡಿದು ಸುಬೇದಾರರು ಅಷ್ಟು ದೂರದಿಂದ ಬಂದಿದ್ದರು. ಅವರ ಮಾತೆಲ್ಲ ಹಿಂದೂಸ್ತಾನಿ. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇಪ್ಪತ್ತೆರಡು ಇಂಚು ಚೌಕದ ಏಳುನೂರು ಚಿಲ್ಲರೆ ಕಲ್ಲು, ಒಂದು ವ್ಯಾಗನ್ ತುಂಬ ಮಾಲು. ನಮ್ಮಲ್ಲಿ ಯಾರೂ ಆ ಅಳತೆ ಕೇಳುವುದಿಲ್ಲ. ಡಿಪೊದ ಹಿರಿಯ ಕಲ್ಲುಕುಟಿಗ ಖಾಸೀಂಸಾಬ ಉಸ್ತಾದರು ಅಳತೆಯ ಚೀಟಿಯನ್ನು ಎರಡು ಸಲ ಓದಿಸಿಕೊಂಡರು.

"ಇಪ್ಪತ್ನಾಲ್ಕು ಮಾಡ್ಸಿಕೊಳ್ರಿ ಸಾಹೇಬ್. ಜಲ್ದಿ ಆಗ್ತದ."

"ಕೋಣೆಯ ಅಗಲಕ್ಕೆ ಇಪ್ಪತ್ತೆರಡಾದರೆ ಒಂದು ಕಲ್ಲನ್ನೂ ಕತ್ತರಿಸಬೇಕಾಗುವುದಿಲ್ಲ. ಹೆರಿಗೆ ಕೋಣೆಯಲ್ಲಿ ಸಂದು ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ಡಾಕ್ಟರು ಹೇಳಿದ್ದಾರೆ. ಸಂದಿನಲ್ಲಿ ಹೊಲಸು ಕೂರುತ್ತದೆ."

ಉಸ್ತಾದರು ಅವರ ಮುಖವನ್ನೇ ನೋಡಿದರು. ಕಲ್ಲಿನ ಲೆಕ್ಕವನ್ನು ಹೀಗೆ ಮಾಡಿದ ಗಿರಾಕಿಯನ್ನು ಅವರು ಕಂಡಿರಲಿಲ್ಲವೇನೋ. ಅವತ್ತೇ ತಮ್ಮ ಮನೆಯ ಮುಂದಿನ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟರು.

ಕಲ್ಲು ತಯಾರಾಗುವ ತನಕ ಸುಬೇದಾರರು ದಿನವೂ ಡಿಪೊಕ್ಕೆ ಬರುತ್ತಿದ್ದರು. ಹೆಂಗಸರು ಮರಳು, ನೀರು ಹಾಕಿ ಕಲ್ಲು ಉಜ್ಜುವಲ್ಲಿ ನಿಂತು, ಆದ ಕಲ್ಲಿನ ಮೇಲೆ ಅಂಗೈ ಸವರಿ ನೋಡುತ್ತಿದ್ದರು. ಹತ್ತು ಗಂಟೆಗೆ ಸ್ಟೇಷನ್ನಿಗೆ ಹೋಗಿ ಹೈದರಾಬಾದಿನಿಂದ ಬರುವ ಇಂಗ್ಲಿಷ್ ಪತ್ರಿಕೆ ತಂದು ನನ್ನ ಮೇಜಿನ ಮೇಲಿಟ್ಟು, "ಬಹೆನ್‌ಜಿ, ನಮ್ಮ ಸುದ್ದಿ ಇದೆಯಾ?" ಎಂದು ಕೇಳುವರು. ನಮ್ಮ ಸುದ್ದಿ ಎಂದರೆ ಎರಡು ದೇಶಗಳ ನಡುವಿನ ವ್ಯಾಪಾರದ ಒಪ್ಪಂದ. ಅದರ ಅವಧಿ ಮುಗಿದಿತ್ತು. ಮಾತುಕತೆ ನಡೆದಿದೆಯೆಂದು ಸ್ವಲ್ಪ ದಿನ ಮುಂದಕ್ಕೆ ಹಾಕಿದ್ದರು. ಆ ಗಡುವು ವರ್ಷದ ಕೊನೆಯ ದಿನದ ತನಕ ಮಾತ್ರ.

ಇಂಥ ಒಪ್ಪಂದವೊಂದು ಇದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂದು ದಿನ ನಾನು ಹೊಸ ನೈಲಾನ್ ಸೀರೆ ಉಟ್ಟು ಬಂದಿದ್ದೆ. ಚಿಕ್ಕಮ್ಮ ಹೈದರಾಬಾದಿನಿಂದ ಸೋವಿಯಲ್ಲಿ ತಂದದ್ದು. ಸುಬೇದಾರರು ಅದನ್ನು ನೋಡಿ ನಕ್ಕರು.

"ಕೋಪ ಮಾಡಿಕೊಳ್ಳಬೇಡಿ ಬಹೆನ್‌ಜಿ. ಇದು ನಮ್ಮಲ್ಲಿಂದ ಬಂದಿರಬಹುದು. ನನ್ನ ಅಣ್ಣನ ಮಗ ಇಂಥದೇ ನೇಯುವ ಕಾರ್ಖಾನೆಯಲ್ಲಿದ್ದಾನೆ. ನೂಲು ಸಮುದ್ರದಾಚೆಯದು, ನೇಯ್ಗೆ ನಮ್ಮದು. ನಮ್ಮಲ್ಲಿ ತಯಾರಾದದ್ದು ನಿಮ್ಮಲ್ಲಿಗೆ ಸುಂಕವಿಲ್ಲದೆ ಬರಬಹುದು ಅಂತ ಒಪ್ಪಂದ. ನಿಮ್ಮ ಗಿರಣಿಯವರು ಇದು ಮೋಸ ಅಂತಿದ್ದಾರೆ. ಜಗಳ ಇರುವುದೇ ಇಲ್ಲಿ."

ಸಾವ್ಕಾರರು ಒಳಗಿನಿಂದ ಕೇಳಿಸಿಕೊಂಡು, "ಮೋಸನೇ ಅಲ್ಲೇನ್ರಿ ಮತ್ತ? ನೂಲು ಪರದೇಶದ್ದು, ಸುಂಕ ಇಲ್ಲ, ಮಾರೋದು ನಮ್ಮ ಬಜಾರದಾಗ. ನಮ್ಮ ಗಿರಣಿಯವ್ರು ಎಲ್ಲಿಗಿ ಹೋಗಬೇಕು?" ಅಂದರು.

"ನಿಮ್ಮ ಮಾತು ಸುಳ್ಳಲ್ಲ ಸೇಠಜಿ. ಆದರೆ ನಮ್ಮಲ್ಲಿ ಮಾರಲು ಏನಿದೆ ಹೇಳಿ. ಅಕ್ಕಿ, ಕಟ್ಟಿಗೆ, ತುಪ್ಪ, ಆಮೇಲೆ ನನ್ನಂಥ ಸಿಪಾಯಿಗಳು. ನಮಗೆ ಸಮುದ್ರವಿಲ್ಲ. ಉಪ್ಪು, ಸೀಮೆಎಣ್ಣೆ, ಔಷಧಿ ಎಲ್ಲ ನಿಮ್ಮ ರೈಲಿನಲ್ಲೇ ಬರಬೇಕು. ಒಪ್ಪಂದ ನಿಂತರೆ ನಿಮ್ಮ ಪತ್ರಿಕೆಯಲ್ಲಿ ನಾಲ್ಕು ಸಾಲು. ನಮ್ಮಲ್ಲಿ ಒಲೆ ನಿಲ್ಲುತ್ತದೆ."

ಸಾವ್ಕಾರರು ಹೊರಗೆ ಬಂದರು. ಅವರಿಗೆ ಚಹಾ ತರಿಸಿಕೊಟ್ಟರು.

ನವೆಂಬರ್ ಮುಗಿಯುವಷ್ಟರಲ್ಲಿ ಕಲ್ಲು ಹೆಚ್ಚುಕಡಿಮೆ ತಯಾರಾಯಿತು. ಗಡಿ ಸ್ಟೇಷನ್ನಿನ ತನಕ ವ್ಯಾಗನ್ ಬೇಕೆಂದು ನಾನು ಅರ್ಜಿ ಕೊಟ್ಟಿದ್ದೆ. ವ್ಯಾಗನ್ ಸಿಗುವುದು ಆಗ ಸುಲಭವಿರಲಿಲ್ಲ. ಸಿಮೆಂಟಿಗೆ, ಧಾನ್ಯಕ್ಕೆ ಹೋಗಿ ಉಳಿದದ್ದು ನಮಗೆ. ಡಿಸೆಂಬರಿನ ಮೊದಲ ವಾರ ಸುಬೇದಾರರು ಪಿಂಚಣಿಯ ಕಾಗದಪತ್ರಕ್ಕೆಂದು ಸಿಕಂದರಾಬಾದಿಗೆ ಹೋದರು. ಅವರು ಹೋದ ಮಾರನೆಯ ದಿನವೇ ವ್ಯಾಗನ್ ಮಂಜೂರಾಯಿತು. ವಾಡಿಯ ಸೈಡಿಂಗಿಗೆ, ಮಾಲು ತುಂಬುವ ಪಕ್ಕದ ಹಳಿಗೆ, ಬಂದು ನಿಂತಿತು. ಅಪ್ಪನೇ ಅದನ್ನು ತಳ್ಳಿಸಿ ನಿಲ್ಲಿಸಿದ್ದರು.

ಸಾವ್ಕಾರರಿಗೆ ವಾಡಿಯಲ್ಲೂ ಒಂದು ಸಣ್ಣ ಡಿಪೊ ಇತ್ತು. ಅಲ್ಲಿ ಹೈದರಾಬಾದಿನ ದೊಡ್ಡ ಗಿರಾಕಿಯೊಬ್ಬನ ಮಾಲು ಹದಿನೈದು ದಿನದಿಂದ ಬಿದ್ದಿತ್ತು. ಅವನು ತಂತಿಯ ಮೇಲೆ ತಂತಿ ಕಳಿಸುತ್ತಿದ್ದ. ಸಾವ್ಕಾರರು ನನ್ನ ಮೇಜಿನ ಹತ್ತಿರ ಬಂದು ನಿಂತು, ಬೇರೆಲ್ಲೋ ನೋಡುತ್ತ ಹೇಳಿದರು.

"ಸುಭದ್ರಾ, ಈ ವ್ಯಾಗನ್ ಹೈದರಾಬಾದಿಗಿ ಹೋಗ್ಲಿ. ಊರಿನ ಹೆಸರು ಬದಲಿ ಮಾಡಿ ಕಾಗದ ತಯಾರ್ ಮಾಡು. ನೇಪಾಳದವ್ರಿಗಿ ಮುಂದಿನ ವಾರ ಬರೋದು ಕೊಡಮು."

"ಅವರಿಗಿ ದಿವಸ ಕಡಿಮಿ ಅವ್ರಿ, ಸಾವ್ಕಾರ್ರೇ. ವರ್ಷ ಮುಗಿಯೋದ್ರಾಗ ಗಡಿ ದಾಟಬೇಕು."

"ಅವಧಿ ಮತ್ತ ಮುಂದ ಹಾಕ್ತಾರ. ಹೋದ ಸಲ ಹಾಕಲಿಲ್ಲೇನು? ಹೈದರಾಬಾದಿನವ ಕೈ ಬಿಟ್ಟ ಅಂದ್ರ ಇಪ್ಪತ್ತೈದು ಮನಿ ಒಲಿ ಹ್ಯಾಂಗ ಉರಿಬೇಕು, ನೀನೇ ಹೇಳು. ಇವ್ರದು ಒಂದು ವ್ಯಾಗನ್, ಒಂದ್ ಸಲ ಬಂದು ಹೋಗೋರು."

ನಾನು ಟೈಪು ಮಾಡಿದೆ. ಮೂರು ದಿನದ ಮೇಲೆ ಸುಬೇದಾರರು ಮರಳಿ ಬಂದರು. ಟೋಪಿ ತೆಗೆದು ಮೇಜಿನ ಮೇಲಿಟ್ಟು, "ವ್ಯಾಗನ್ ಬಂತೇ ಬಹೆನ್‌ಜಿ?" ಎಂದು ಕೇಳಿದರು. ಸಾವ್ಕಾರರು ಒಳಗೇ ಇದ್ದರು. ಏನು ಹೇಳಬೇಕೆಂದು ಅವರು ನನಗೆ ಹೇಳಿಕೊಟ್ಟಿರಲಿಲ್ಲ. ನಾನೇ ಹೇಳಿದೆ.

"ಇಲ್ಲ ಸಾಹೇಬ್. ಬಂದಿಲ್ಲ."

"ಇರಲಿ. ನಿಮ್ಮ ಕೈಯಲ್ಲಿ ಏನಿದೆ," ಅಂದರು. ಸಿಕಂದರಾಬಾದಿನಿಂದ ನನಗೆಂದು ತಂದಿದ್ದ ಟೈಪ್‌ರೈಟರಿನ ಹೊಸ ರಿಬ್ಬನ್ನನ್ನು ಟೋಪಿಯ ಪಕ್ಕದಲ್ಲಿಟ್ಟರು.

ಅವತ್ತು ಸಂಜೆ ಊಟಕ್ಕೆ ಕುಳಿತಾಗ ಅಪ್ಪ ಕೇಳಿದರು, "ನಿಮ್ಮ ಸುಬೇದಾರ್ರ ಕಲ್ಲು ಹೋದ್ವಲ್ಲ?" ನಾನು ರೊಟ್ಟಿ ಮುರಿಯುತ್ತ "ಹ್ಞೂಂ" ಅಂದೆ. ಅದು ಎರಡನೆಯದು.

ಮುಂದಿನ ವಾರ ವ್ಯಾಗನ್ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಪ್ರತಿದಿನ ಬೆಳಿಗ್ಗೆ ವಾಡಿಯ ಪ್ಲಾಟ್‌ಫಾರಂ ದಾಟುವಾಗ ಸೈಡಿಂಗಿನ ಕಡೆ ನೋಡುವುದು ನನಗೆ ಚಟವಾಯಿತು. ಎಲ್ಲಾದರೂ ಒಂದು ಖಾಲಿ ವ್ಯಾಗನ್ ನಿಂತಿದ್ದರೆ ಹೋಗಿ ಯಾರದೆಂದು ಕೇಳುತ್ತಿದ್ದೆ. ಅದು ಬೇರೆಯವರದಾಗಿರುತ್ತಿತ್ತು. ಗಡಿ ಮುಟ್ಟಲು ವ್ಯಾಗನ್ನಿಗೆ ಕನಿಷ್ಠ ಹದಿನೈದು ದಿನ ಬೇಕು. ಗಂಗೆಯ ಆಚೆ ಸಣ್ಣ ಹಳಿಯ ಗಾಡಿಗೆ ಮಾಲು ಬದಲಾಯಿಸಬೇಕು. ದಿನ ಎಣಿಸುವುದು ಬಿಟ್ಟು ಬೇರೆ ಏನೂ ತಲೆಗೆ ಹತ್ತುತ್ತಿರಲಿಲ್ಲ. ಹದಿನಾರನೆಯ ತಾರೀಖು ದಾಟಿದ ಮೇಲೆ ಎಣಿಸುವುದಕ್ಕೂ ಏನೂ ಉಳಿಯಲಿಲ್ಲ. ಇನ್ನು ಅವಧಿ ಮುಂದಕ್ಕೆ ಹೋದರೆ ಮಾತ್ರ.

ದಿಲ್ಲಿಯವರಿಗೆ ಆಗ ಚುನಾವಣೆಯ ಗಡಿಬಿಡಿ ಹತ್ತಿತ್ತು. ಹೊಸ ವರ್ಷದ ಮೊದಲ ವಾರ ಸುಬೇದಾರರು ಪತ್ರಿಕೆ ತಂದಿಟ್ಟಾಗ ಒಳಪುಟದಲ್ಲಿ ಆ ಸುದ್ದಿ ಸಿಕ್ಕಿತು. ಒಪ್ಪಂದ ಮುಗಿದಿದೆ, ಅವಧಿ ಮುಂದುವರಿದಿಲ್ಲ, ಮಾತುಕತೆ ಮುರಿದಿಲ್ಲ. ಅವರು ಹೇಳಿದ್ದಂತೆಯೇ ಅದು ನಾಲ್ಕೇ ಸಾಲು ಇತ್ತು. ಓದಿ ಹೇಳಿದೆ. "ಇನ್ನೊಮ್ಮೆ ಓದಿ," ಅಂದರು. ಇನ್ನೊಮ್ಮೆ ಓದಿದೆ.

ಸ್ಟೇಷನ್ನಿನಲ್ಲಿ ಮಾಲು ಬರೆದುಕೊಳ್ಳುವ ಗುಮಾಸ್ತರು ನಮ್ಮ ಅರ್ಜಿಯನ್ನು ಮರಳಿ ಕೊಟ್ಟರು. ಗಡಿಯಾಚೆ ಹೋಗುವ ಮಾಲಿಗೆ ಮೇಲಿನಿಂದ ಹೊಸ ಹುಕುಂ ಬರುವ ತನಕ ಏನೂ ಮಾಡುವಂತಿಲ್ಲ ಎಂದರು. ಏಳುನೂರು ಚಿಲ್ಲರೆ ಕಲ್ಲು ಹುಲ್ಲು ಸುತ್ತಿಸಿಕೊಂಡು ಡಿಪೊದ ಗೋಡೆಗೆ ಒರಗಿ ನಿಂತವು.

ಆ ಚಳಿಗಾಲ ಮತ್ತು ಅದರ ಹಿಂದೆ ಬಂದ ಬಿಸಿಲು ನನಗೆ ಒಂದೇ ದೊಡ್ಡ ದಿನದಂತೆ ನೆನಪಿದೆ. ಸುಬೇದಾರರ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಊರಿಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಇವರು ಕಲ್ಲು ಬಿಟ್ಟು ಹೋಗಲೊಲ್ಲರು. ಇವತ್ತು ನಾಳೆ ಹುಕುಂ ಬಂದೀತು, ತಾನಿಲ್ಲದಾಗ ವ್ಯಾಗನ್ ಬಂದೀತು ಎಂದು ಭಯ. ಅವರು ಹಾಗೆ ಹೇಳಿದಾಗಲೆಲ್ಲ ನನ್ನ ಬೆರಳುಗಳು ಟೈಪ್‌ರೈಟರಿನ ಮೇಲೆ ತಪ್ಪು ಅಕ್ಷರ ಒತ್ತುತ್ತಿದ್ದವು.

ಊರಿನಿಂದ ಅವರಿಗೆ ಪತ್ರ ಬರುತ್ತಿತ್ತು. ಓದಿ ನನಗೂ ಉಸ್ತಾದರಿಗೂ ಹೇಳುವರು. ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದಾರೆ. ಉಪ್ಪು ತುಟ್ಟಿಯಾಗಿದೆ. ಡಾಕ್ಟರು ಕತ್ತರಿ ಚಿಮಟಗಳನ್ನು ಕಟ್ಟಿಗೆ ಒಲೆಯ ಮೇಲೆ ಕುದಿಸುತ್ತಿದ್ದಾರೆ. ಹೆರಿಗೆ ಕೋಣೆಯ ನೆಲ ಇನ್ನೂ ಮಣ್ಣು. ಮಣ್ಣಿನ ನೆಲದ ಮೇಲೆ ಹೆರಿಗೆ ಮಾಡಿಸಿ ಹಿಂದೊಮ್ಮೆ ಧನುರ್ವಾಯುವಿಗೆ ಕೂಸು ಕಳೆದುಕೊಂಡ ಡಾಕ್ಟರು ಅವರು, ಹಾಗಾಗಿ ಕೋಣೆ ತೆರೆಯಲೊಲ್ಲರು. ಫೆಬ್ರವರಿಯಲ್ಲಿ ಬಂದ ಪತ್ರವನ್ನು ಓದಿ ಸುಬೇದಾರರು ಮಡಚಿ ಜೇಬಿನಲ್ಲಿಟ್ಟುಕೊಂಡರು, ಹೇಳಲಿಲ್ಲ. ಉಸ್ತಾದರೇ ಕೆದಕಿದರು.

"ನನ್ನ ಮಗಳು ತುಂಬಿದ ಬಸುರಿ. ಚೈತ್ರದಲ್ಲಿ ದಿನ ತುಂಬುತ್ತದೆ. ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಆಸ್ಪತ್ರೆ ಇರುತ್ತದೆ ಹೆದರಬೇಡ ಅಂತ ನಾನೇ ಅವಳಿಗೆ ಹೇಳಿ ಬಂದಿದ್ದೆ."

ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ. ಡಿಪೊದ ಹಿಂದೆ ಹೆಂಗಸರು ಕಲ್ಲು ಉಜ್ಜುತ್ತಿದ್ದರು. ಆ ಒದ್ದೆ ಕಲ್ಲಿನ ವಾಸನೆಯಲ್ಲಿ ನಿಂತು ವಾಂತಿ ಮಾಡಿಕೊಂಡೆ.

ಸಾವ್ಕಾರರಿಗೂ ಒಳಗೆ ಏನೋ ಕಚ್ಚುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಅವರೇ ಒಂದು ಉಪಾಯ ತಂದರು. ಗಡಿಯ ಈ ಕಡೆಯ ಊರಿನ ಒಬ್ಬ ವ್ಯಾಪಾರಿಯ ಹೆಸರಿಗೆ ಮಾಲು ಕಳಿಸುವುದು. ಅಲ್ಲಿಗೆ ತಲುಪಿದ ಮೇಲೆ ಎತ್ತಿನ ಗಾಡಿಯಲ್ಲಿ ಸ್ವಲ್ಪ ಸ್ವಲ್ಪವೇ ದಾಟಿಸುವುದು. "ಕಾಗದದಾಗ ನೇಪಾಳ ಅಂತ ಇರಂಗಿಲ್ಲ. ಯಾರ್ ಕೇಳ್ತಾರ? ಸುಭದ್ರಾ, ಹಾಳಿ ಹಾಕು ಮಿಷನ್‌ಕ," ಅಂದರು.

ಕಾಗದ ಏರಿಸಿದೆ. ನನಗೂ ಅದೇ ಬೇಕಾಗಿತ್ತು. ಇನ್ನೊಂದು ಸುಳ್ಳಿನಿಂದ ಮೊದಲಿನದು ಮುಚ್ಚಿ ಹೋದರೆ ಸಾಕಿತ್ತು.

ಸುಬೇದಾರರು ಕೈ ಅಡ್ಡ ಹಿಡಿದರು. "ಬೇಡ ಸೇಠಜಿ. ಸಿಕ್ಕಿಬಿದ್ದರೆ ನೀವೂ ಅಲ್ಲ, ನಾನೂ ಅಲ್ಲ, ಗಾಡಿ ಹೊಡೆಯುವವರು ಜೇಲಿಗೆ ಹೋಗುತ್ತಾರೆ. ನಮ್ಮೂರಿನವರೇ ಅವರು. ಎರಡು ಸರ್ಕಾರ ಸಹಿ ಹಾಕಲಿ. ನಮ್ಮ ಆಸ್ಪತ್ರೆಯ ನೆಲ ಕದ್ದದ್ದಾಗುವುದು ಬೇಡ."

ಕಾಗದವನ್ನು ಹೊರಗೆ ತೆಗೆದೆ. ಸಾವ್ಕಾರರು ಮುಖ ಕೆಡಿಸಿಕೊಂಡು ಒಳಗೆ ಹೋದರು.

ಚುನಾವಣೆ ಮುಗಿಯಿತು. ಹುಕುಂ ಬರಲಿಲ್ಲ. ಚಂದಾಪುರದಲ್ಲಿ ಗೋದಾಮು ಕಟ್ಟಿಸುತ್ತಿದ್ದ ಗುತ್ತೇದಾರನೊಬ್ಬ ಡಿಪೊಕ್ಕೆ ಬಂದು, ಗೋಡೆಗೆ ಒರಗಿದ್ದ ಕಲ್ಲು ನೋಡಿ ಕೇಳಿದ. ಹದಿನೆಂಟು ಇಂಚಿಗೆ ಕತ್ತರಿಸಿ ಕೊಡುವುದಾದರೆ ಪೂರ್ತಿ ತೆಗೆದುಕೊಳ್ಳುತ್ತೇನೆ ಅಂದ. ಸುಬೇದಾರರು ಆಗ ಪತ್ರಿಕೆ ತರಲು ಸ್ಟೇಷನ್ನಿಗೆ ಹೋಗಿದ್ದರು. ಸಾವ್ಕಾರರು ಉಸ್ತಾದರನ್ನು ಕರೆದು ಕತ್ತರಿಸಲು ಹೇಳಿದರು.

"ನನ್ನ ಕೈಲಿ ಆಗಂಗಿಲ್ರಿ ಸಾವ್ಕಾರ್," ಅಂದರು ಉಸ್ತಾದರು.

"ಯಾಕ ಆಗಂಗಿಲ್ಲ? ಇನ್ನ ಎಷ್ಟ್ ದಿವಸ ನನ್ನ ಜಾಗದಾಗ ಕುಂದ್ರಬೇಕು ಇವು? ಅವ್ರ ಮುಂಗಡ ವಾಪಸ್ ಕೊಡ್ತೀನಿ. ಸರ್ಕಾರದ ತಪ್ಪಿಗಿ ನಾ ಏನ್ ಮಾಡ್ಲಿ? ಸುಭದ್ರಾ, ಗುತ್ತೇದಾರ್ರಿಗಿ ಒಪ್ಪಿಗಿ ಪತ್ರ ಬರಿ."

ನಾನು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ.

"ನಾ ಬರಿಯಂಗಿಲ್ರಿ."

"ಏನಂದಿ?"

"ಸರ್ಕಾರದ ತಪ್ಪಲ್ರಿ. ಡಿಸೆಂಬರದಾಗ ವ್ಯಾಗನ್ ಬಂದಿತ್ತು. ನಾವು ಹೈದರಾಬಾದಿಗಿ ಕೊಟ್ಟೀವಿ. ನಾ ಅವರ ಮುಂದ ಬಂದಿಲ್ಲ ಅಂತ ಹೇಳೀನಿ. ಈಗ ಕಲ್ಲೂ ಮಾರಿದ್ರ ನಾ ಮತ್ತ ಈ ಕುರ್ಚಿ ಮ್ಯಾಗ ಕುಂದ್ರಂಗಿಲ್ಲ."

ಗುತ್ತೇದಾರ ಮೆಲ್ಲಗೆ ಎದ್ದು ಹೊರಗೆ ಹೋದ. ಸಾವ್ಕಾರರು ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ನೋಡಲಿಲ್ಲ, ಉಸ್ತಾದರ ಕಡೆ ನೋಡಿದರು. ಡಿಸೆಂಬರಿನ ಆ ವಾರವೆಲ್ಲ ಕಲ್ಲಿನ ಖಣಿಯಲ್ಲಿ ಕೊನೆಯ ಕಲ್ಲು ಆರಿಸುತ್ತಿದ್ದ ಉಸ್ತಾದರಿಗೆ ವ್ಯಾಗನ್ನಿನ ಸುದ್ದಿ ಗೊತ್ತಾದದ್ದು ಈಗಲೇ. ಮೂವತ್ತು ವರ್ಷ ಒಂದೇ ಡಿಪೊದಲ್ಲಿ ಕಲ್ಲು ಕಡಿದ ಆ ಮನುಷ್ಯ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡರು.

"ಮಳಿಗಾಲದ ತನಕ ಇರ್ಲಿ," ಎಂದು ಸಾವ್ಕಾರರು ಒಳಗೆ ನಡೆದರು.

ಉಸ್ತಾದರು ನನ್ನ ಹತ್ತಿರ ಬಂದರು. "ಸುಬೇದಾರ್ರಿಗಿ ನೀ ಹೇಳ್ತಿ ಏನು, ನಾ ಹೇಳ್ಲಿ ಬೇಟಿ? ನನ್ನ ಮನ್ಯಾಗ ಉಣ್ಣಲಿಕತ್ತಾರ ಅವರು. ನಾ ಭಾಳ ದಿವಸ ಬಾಯಿ ಮುಚ್ಚಿಕೊಂಡು ಇರ್ಲಿಕ್ಕಾಗಂಗಿಲ್ಲ."

"ನಾನೇ ಹೇಳ್ತೀನ್ರಿ ಉಸ್ತಾದ್ರೆ," ಅಂದೆ.

ಹೇಳಲಿಲ್ಲ. ಇವತ್ತು ಹೇಳುತ್ತೇನೆ ಎಂದು ಪ್ಯಾಸೆಂಜರು ಹತ್ತುತ್ತಿದ್ದೆ, ನಾಳೆ ಹೇಳುತ್ತೇನೆ ಎಂದು ಇಳಿಯುತ್ತಿದ್ದೆ. ಉಸ್ತಾದರು ನನ್ನನ್ನು ಕಂಡಾಗ ಕಣ್ಣಲ್ಲೇ ಕೇಳುತ್ತಿದ್ದರು. ಹತ್ತು ದಿನ ಹೀಗೆ ಹೋಯಿತು. ಹನ್ನೊಂದನೆಯ ದಿನ ಸುಬೇದಾರರಿಗೆ ತಂತಿ ಬಂತು. ಮಗಳಿಗೆ ಕಾಲು ಬಾತಿದೆ, ಕಣ್ಣು ಮಂಜಾಗುತ್ತಿದೆ, ಹೊರಟು ಬನ್ನಿ.

ಶಹಾಬಾದಿನಲ್ಲಿ ನಿಲ್ಲದ ಮೇಲ್ ಗಾಡಿಯನ್ನು ಅವರು ವಾಡಿಯಲ್ಲಿ ಹತ್ತಬೇಕಿತ್ತು. ನಾನು ಅರ್ಧ ದಿನ ರಜೆ ಕೇಳಿ ಅವರು ಹೊರಟ ಪ್ಯಾಸೆಂಜರಿನಲ್ಲೇ ಬಂದೆ. ಮಧ್ಯಾಹ್ನದ ಹೊತ್ತು. ಪ್ಲಾಟ್‌ಫಾರಂ ಕಾದು ಹೆಂಚಾಗಿತ್ತು. ಅವರು ಟ್ರಂಕಿನ ಮೇಲೆ ಕುಳಿತಿದ್ದರು. ಮನೆಯಿಂದ ತಂಬಿಗೆಯಲ್ಲಿ ನೀರು, ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದು ಅವರ ಮುಂದಿಟ್ಟೆ.

"ನೋಡಿ ಬಹೆನ್‌ಜಿ, ನಾನು ಯಾವ ಕಾಗದವೂ ಇಲ್ಲದೆ ಗಡಿ ದಾಟಬಹುದು. ಯಾರೂ ಕೇಳುವುದಿಲ್ಲ. ಕಲ್ಲು ದಾಟುವ ಹಾಗಿಲ್ಲ," ಅಂದು ನಕ್ಕರು.

ಆಗ ಹೇಳಿದೆ. ನಿಂತುಕೊಂಡೇ ಹೇಳಿದೆ. ಡಿಸೆಂಬರಿನಲ್ಲಿ ವ್ಯಾಗನ್ ಬಂದದ್ದು, ಅದು ಎಲ್ಲಿಗೆ ಹೋಯಿತು, ನಾನು ಏನು ಹೇಳಿದೆ, ಎಲ್ಲ. ಅವರ ಮುಖದ ನಗು ತಕ್ಷಣ ಹೋಗಲಿಲ್ಲ. ಅದು ಅಲ್ಲೇ ಉಳಿದು ನಿಧಾನವಾಗಿ ಆರಿತು.

"ಯಾವ ತಾರೀಖು?" ಎಂದು ಕೇಳಿದರು.

ಹೇಳಿದೆ. ಬೆರಳು ಮಡಚಿ ಎಣಿಸಿದರು.

"ಕಲ್ಲು ಗಡಿ ದಾಟಿ ಇನ್ನೂ ಒಂಬತ್ತು ದಿನ ಉಳಿಯುತ್ತಿತ್ತು," ಅಂದರು.

ನಾನು ಅಳುತ್ತಿದ್ದೆ. ಅವರು ಸಮಾಧಾನ ಹೇಳಲಿಲ್ಲ.

"ದೊಡ್ಡ ದೇಶ ನಮ್ಮನ್ನು ಮರೆತರೆ ನನಗೆ ಅರ್ಥವಾಗುತ್ತದೆ. ಅವರಿಗೆ ನಮ್ಮ ಮುಖ ಗೊತ್ತಿಲ್ಲ. ನೀವು ದಿನಾ ನನ್ನ ಎದುರಿಗೆ ಕುಳಿತು ಪತ್ರಿಕೆ ಓದಿ ಹೇಳಿದಿರಿ."

ಗಾಡಿ ಬಂತು. ಟ್ರಂಕನ್ನು ತಾವೇ ಎತ್ತಿಕೊಂಡು ಹತ್ತಿದರು. ರೊಟ್ಟಿ, ನೀರು ಅಲ್ಲೇ ಉಳಿದವು. ಹಳಿಯ ಆಚೆ ಹಸಿರು ಬಾವುಟ ಹಿಡಿದು ನಿಂತಿದ್ದ ಅಪ್ಪ ನೋಡುತ್ತಿದ್ದರು. ಗಾಡಿ ಹೋದ ಮೇಲೆ ಬಂದು, ತಂಬಿಗೆ ಕೈಗೆತ್ತಿಕೊಂಡು, ಏನಾಯಿತೆಂದು ಕೇಳಿದರು. ಅವರಿಗೂ ಹೇಳಿದೆ. ಅಪ್ಪ ತಂಬಿಗೆಯ ನೀರನ್ನು ಹಳಿಯ ಮೇಲೆ ಚೆಲ್ಲಿದರು.

"ಆ ವ್ಯಾಗನ್ ನಾನೇ ಜೋಡಿಸಿ ಕಳಿಸೀನವ್ವಾ," ಅಂದರು. "ನೇಪಾಳಕ್ಕ ಹೊಂಟದ ಅಂತ ತಿಳಕೊಂಡು."

ಸುಬೇದಾರರಿಂದ ಪತ್ರ ಬರಲಿಲ್ಲ. ಏಪ್ರಿಲ್ ಹೋಯಿತು, ಮೇ ಹೋಯಿತು. ಮಗಳು ಏನಾದಳೋ ಗೊತ್ತಿಲ್ಲ. ಉಸ್ತಾದರು ಬರೆಸಿ ಹಾಕಿದ ಎರಡು ಪತ್ರಕ್ಕೂ ಉತ್ತರವಿಲ್ಲ. ನಾನು ದಿಲ್ಲಿಯ ವ್ಯಾಪಾರ ಇಲಾಖೆಗೆ ಅರ್ಜಿ ಬರೆಯತೊಡಗಿದೆ. ಆಸ್ಪತ್ರೆಯ ಕಲ್ಲು, ಹೆರಿಗೆ ಕೋಣೆ, ಒಂದು ವ್ಯಾಗನ್, ದಯವಿಟ್ಟು ಅನುಮತಿ ಕೊಡಿ. ಪ್ರತಿ ಸೋಮವಾರ ಒಂದು. ಸಾವ್ಕಾರರ ಅನುಮತಿ ಕೇಳಲಿಲ್ಲ. ಅವರು ನೋಡಿಯೂ ಕೇಳಲಿಲ್ಲ. ಯಾವುದಕ್ಕೂ ಉತ್ತರ ಬರಲಿಲ್ಲ. ಮಳೆ ಹಿಡಿದಾಗ ಉಸ್ತಾದರು ಕಲ್ಲಿನ ಮೇಲೆ ತಗಡು ಹೊದಿಸಿದರು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಸುದ್ದಿ ಬಂತು. ಹೊಸ ಒಪ್ಪಂದಕ್ಕೆ ಸಹಿಯಾಗಿದೆ. ಅವರ ಮಾಲು ನಮ್ಮಲ್ಲಿಗೆ ಬರಬೇಕಾದರೆ ಅದರಲ್ಲಿ ಬಹುಪಾಲು ಅವರದೋ ನಮ್ಮದೋ ಕಚ್ಚಾಮಾಲೇ ಇರಬೇಕೆಂಬ ಬಿಗಿ ಕಟ್ಟು ಬಿದ್ದಿತ್ತು. ಪತ್ರಿಕೆ ತಂದಿಟ್ಟು ಕೇಳುವವರು ಇರಲಿಲ್ಲ. ನಾನೇ ಓಡಿಹೋಗಿ ಉಸ್ತಾದರಿಗೆ ಓದಿ ಹೇಳಿದೆ. ಹುಕುಂ ಸ್ಟೇಷನ್ನಿನ ತನಕ ಇಳಿದು ಬರಲು ಮತ್ತೆ ಒಂದು ತಿಂಗಳು ಹಿಡಿಯಿತು. ವ್ಯಾಗನ್ ಬಂದ ದಿನ ಸಾವ್ಕಾರರು ತಾವೇ ನಿಂತು ಕಲ್ಲು ಹೇರಿಸಿದರು. ಗಂಗೆಯ ಆಚೆ ಗಾಡಿ ಬದಲಾಗುವಾಗ ಒಡೆದಾವು ಎಂದು ಉಸ್ತಾದರು ಮಾಲಿನ ಬೆನ್ನಿಗೆ ಹೊರಟರು. ವಾಡಿಯಲ್ಲಿ ಅಪ್ಪ ವ್ಯಾಗನ್ನಿನ ಮೇಲೆ ಅಂಟಿಸಿದ ಚೀಟಿಯನ್ನು ನನ್ನಿಂದ ಓದಿಸಿ, ಊರಿನ ಹೆಸರು ಖಾತ್ರಿ ಮಾಡಿಕೊಂಡು, ಆಮೇಲೆ ಜೋಡಿಸಿದರು.

ಉಸ್ತಾದರು ಮರಳಿದ್ದು ದೀಪಾವಳಿ ಕಳೆದ ಮೇಲೆ. ಸೊರಗಿದ್ದರು. ಡಿಪೊದ ಕಟ್ಟೆಯ ಮೇಲೆ ಕುಳಿತು ಹೇಳಿದರು.

"ಕೂಸೂ ಬದುಕ್ಯಾದ, ಮಗಳೂ ಬದುಕ್ಯಾಳ. ಸುಬೇದಾರ್ರು ಹೋಗಿ ಮುಟ್ಟೋದ್ರಾಗ ಬ್ಯಾನಿ ಹತ್ತಿತ್ತಂತ. ಎತ್ತಿನ ಗಾಡ್ಯಾಗ ಹಾಕ್ಕೊಂಡು ಗಡಿ ದಾಟಿ ನಮ್ಮ ಕಡಿ ದವಾಖಾನಿಗಿ ತಂದಾರ. ಗಂಡು ಕೂಸು. ಮಗಳಿಗಿ ಒಂದ್ ಕಣ್ಣು ಪೂರಾ ಕಾಣಂಗಿಲ್ಲ ಈಗ. ತಡ ಆತು ಅಂದರಂತ ಅಲ್ಲಿ ಡಾಕ್ಟರ್."

ನೆಲ ಹಾಕುವುದು ಮುಗಿದಿತ್ತು. ಒಂದು ಕಲ್ಲನ್ನೂ ಕತ್ತರಿಸಬೇಕಾಗಲಿಲ್ಲ. ಕೋಣೆ ತೆರೆದು, ಉಸ್ತಾದರು ಅಲ್ಲಿರುವಾಗಲೇ ಎರಡು ಹೆರಿಗೆಯಾಗಿದ್ದವು. ಸುಬೇದಾರರ ಅಣ್ಣನ ಮಗನ ನೈಲಾನ್ ಕಾರ್ಖಾನೆ ಮಾತ್ರ ಹೊಸ ಒಪ್ಪಂದದ ಮೇಲೆ ಬಾಗಿಲು ಹಾಕಿತ್ತು.

"ನನ್ನ ಬಗ್ಗೆ ಏನರ ಕೇಳಿದ್ರೇನ್ರಿ?"

"ಕೇಳ್ಲಿಲ್ಲ ಬೇಟಿ." ಸ್ವಲ್ಪ ತಡೆದು ಹೇಳಿದರು, "ನಾ ಒಂದ್ ಸಲ ನಿನ್ನ ಹೆಸರ ತೆಗೆದೆ. ಅವರು ಎದ್ದು ಹೊರಗ ಹೋದ್ರು. ಮತ್ತ ನಾ ತೆಗೀಲಿಲ್ಲ."

ನಾನು ಡಿಪೊದಲ್ಲೇ ಉಳಿದೆ. ಬಿಟ್ಟು ಹೋಗಬೇಕೆಂದು ಎಷ್ಟೋ ಸಲ ಅಂದುಕೊಂಡರೂ ಮನೆಯ ಸ್ಥಿತಿ ಹಾಗಿರಲಿಲ್ಲ. ಸುಬೇದಾರರ ಮನಸ್ಸಿನಲ್ಲಿ ನಾನು ಸುಳ್ಳು ಹೇಳಿದವಳಾಗಿಯೇ ಇರುತ್ತೇನೆ, ಅದನ್ನು ಬದಲಾಯಿಸುವುದು ನನ್ನ ಕೈಯಲ್ಲಿಲ್ಲ ಎಂದು ನಿಧಾನವಾಗಿ ಒಪ್ಪಿಕೊಂಡೆ.

ಮರುವರ್ಷ ಜೋಳದ ರಾಶಿಯ ಹೊತ್ತಿಗೆ ಆ ಆಸ್ಪತ್ರೆಯಿಂದ ಒಂದು ಲಕೋಟೆ ಬಂತು. ಡಾಕ್ಟರು ಇಂಗ್ಲಿಷಿನಲ್ಲಿ ಬರೆದಿದ್ದರು. ಹೊರಗಿನ ಪಡಸಾಲೆಗೂ ಅದೇ ಅಳತೆಯ ಕಲ್ಲು ಬೇಕು, ಅರ್ಧ ವ್ಯಾಗನ್ನಿನಷ್ಟು. ಅದರ ಕೆಳಗೆ ಬೇರೆ ಕೈಬರಹದಲ್ಲಿ, ದೊಡ್ಡ ದೊಡ್ಡ ನಾಗರಿ ಅಕ್ಷರದಲ್ಲಿ ಎರಡು ಸಾಲಿತ್ತು. ನಮಸ್ಕಾರವಿಲ್ಲ, ಕುಶಲ ಕೇಳಿರಲಿಲ್ಲ. ವ್ಯಾಗನ್ನಿನ ಸುದ್ದಿಯನ್ನು ಟೈಪ್ ಮಾಡುವ ಬಹೆನ್‌ಜಿಯೇ ಬರೆಯಲಿ, ಬೇರೆ ಯಾರ ಮಾತೂ ಬೇಡ ಎಂದಿತ್ತು. ಕೆಳಗೆ ಸುಬೇದಾರರ ಸಹಿ.

ಸಾವ್ಕಾರರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಹೋಗಿ ಕೇಳ್ಕೊಂಡು ಬಾ," ಅಂದರು. ಬಿಸಿಲಲ್ಲಿ ನಡೆದು ಸ್ಟೇಷನ್ನಿಗೆ ಹೋದೆ. ಗುಮಾಸ್ತರ ಪುಸ್ತಕವನ್ನು ನನ್ನ ಕಣ್ಣಿನಿಂದಲೇ ನೋಡಿದೆ. ಬಂದು ಕುಳಿತು, ಕಾಗದ ಏರಿಸಿ, ಈ ವಾರ ವ್ಯಾಗನ್ ಇಲ್ಲ ಎಂದು ಟೈಪು ಮಾಡಿದೆ. ಅದು ನಿಜವಾಗಿತ್ತು.